ಮೊದಲ ಪತಂಗ ಬಲೆ ಕೊಳ್ಳುವ ಮುನ್ನ

ಬೀದರ ಜಿಲ್ಲೆಯಲ್ಲಿ ತೊಗರಿ ಬೆಳೆಯು ತಳಿ ಹಾಗೂ ಬಿತ್ತನೆಯ ಕಾಲಕ್ಕೆ ತಕ್ಕಂತೆ ಅಕ್ಟೋಬರ್–ನವೆಂಬರ್ ತಿಂಗಳುಗಳಲ್ಲಿ ಹೂವಾಡುತ್ತದೆ. ಹೊಲವೆಲ್ಲ ಹಳದಿಯಾಗುವ ಈ ಕಾಲದಲ್ಲಿಯೇ ಕಾಯಿಕೊರಕದ ಪತಂಗವೂ ಬರುತ್ತದೆ. ಅದು ಬರುವುದು ರಾತ್ರಿ. ಮೊಗ್ಗು, ಹೂವು, ಎಳೆ ಎಲೆಗಳ ಮೇಲೆ ಒಂದೊಂದಾಗಿ ಮೊಟ್ಟೆಯಿಟ್ಟು ಹೋಗುವುದೂ ರಾತ್ರಿಯೇ. ಮೊಟ್ಟೆ ಗಸಗಸೆ ಕಾಳಿನಷ್ಟು ಸಣ್ಣದು, ಹಳದಿ ಮಿಶ್ರಿತ ಬಿಳಿ ಬಣ್ಣದ್ದು. ಮೂರು ನಾಲ್ಕು ದಿನಗಳಲ್ಲಿ ಅದು ಒಡೆದು ಹೊರಬರುವ ಮರಿಹುಳು ಮೊದಲು ಮೊಗ್ಗು ಹೂವುಗಳನ್ನು ಕೆರೆದು ತಿಂದು, ಮತ್ತೆ ನಾಲ್ಕೈದು ದಿನ ಕಳೆದ ಮೇಲೆ ಕಾಯಿಗೆ ಬಾಯಿ ಹಾಕುತ್ತದೆ. ತಲೆ ಕಾಯಿಯ ಒಳಗೆ, ಮೈ ಹೊರಗೆ ಇರುವ ಹುಳುವನ್ನು ರೈತರು ಕಾಣುವ ಹೊತ್ತಿಗೆ ಪತಂಗ ಬಂದುಹೋಗಿ ಎಂಟು ಹತ್ತು ದಿನಗಳಾದರೂ ಆಗಿರುತ್ತದೆ. ಅಷ್ಟು ಬಲಿತ ಹುಳುವಿಗೆ ಬೇವಿನ ಕಷಾಯವಾಗಲಿ ನಂಜಾಣುವಾಗಲಿ ನಾಟುವುದಿಲ್ಲ. ರಾಸಾಯನಿಕ ಔಷಧಗಳೂ ಸಣ್ಣ ಹುಳುವಿನ ಮೇಲೆ ಮಾಡಿದಷ್ಟು ಕೆಲಸ ಮಾಡಲಾರವು.

ಈ ಎಂಟು ಹತ್ತು ದಿನಗಳನ್ನು ಮೊದಲೇ ಗಳಿಸಿಕೊಡುವ ಸಾಧನವೇ ಪತಂಗ ಬಲೆ. ಬಲೆಯ ಬೆಲೆ ಹೆಚ್ಚೇನಲ್ಲ. ಆದರೆ ಯಾವ ಬಲೆ, ಯಾವ ಹುಳುವಿಗೆ, ಯಾವಾಗ ಎಂಬುದನ್ನು ತಿಳಿಯದೆ ತಂದವರು ಒಂದು ಹಂಗಾಮಿನಲ್ಲೇ ಬೇಸತ್ತು ಅದನ್ನು ದನದ ಕೊಟ್ಟಿಗೆಯ ಮೂಲೆಗೆ ಎಸೆಯುವುದುಂಟು. ತಪ್ಪು ಬಲೆಯಲ್ಲಿ ಏನೂ ಬೀಳದಿರುವುದನ್ನು ಕಂಡು ಹುಳುವೇ ಇಲ್ಲವೆಂದು ನಂಬಿ ಕುಳಿತವರ ಪಾಡು ಇನ್ನೂ ಕಷ್ಟ.

ಹುಳುವಿನ ಹಾವಳಿ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಈ ಭಾಗದ ಹಿರಿಯ ರೈತರಿಗೆ ಹೇಳಬೇಕಾಗಿಲ್ಲ. 1997–98ರ ಹಂಗಾಮಿನಲ್ಲಿ ಅಕಾಲಿಕ ಮಳೆ ಮತ್ತು ಕಾಯಿಕೊರಕ ಎರಡೂ ಸೇರಿ ಕಲಬುರ್ಗಿ, ಬೀದರ ಜಿಲ್ಲೆಗಳ ತೊಗರಿಯನ್ನು ಬಹುಮಟ್ಟಿಗೆ ಕೆಡಿಸಿದವು. ಅದಕ್ಕೂ ಹತ್ತು ವರ್ಷ ಮೊದಲು, 1987ರಲ್ಲಿ, ಆಂಧ್ರದ ಗುಂಟೂರು, ಪ್ರಕಾಶಂ ಜಿಲ್ಲೆಗಳ ಹತ್ತಿಯಲ್ಲಿ ಇದೇ ಹುಳು ಆಗ ಹೊಸದಾಗಿ ಬಂದಿದ್ದ ಪೈರಿಥ್ರಾಯ್ಡ್ ಔಷಧಗಳಿಗೂ ಸಾಯದೆ ಉಳಿದಿತ್ತು. ಮೇಲಿಂದ ಮೇಲೆ ಸಿಂಪಡಿಸಿದ್ದೇ ಹುಳುವಿಗೆ ಔಷಧ ತಡೆದುಕೊಳ್ಳುವ ಶಕ್ತಿ ಬೆಳೆಯಲು ಕಾರಣವಾಯಿತು. ಅಂದಿನಿಂದ ಕೀಟಶಾಸ್ತ್ರಜ್ಞರು ಹೇಳುತ್ತಿರುವ ಮಾತು ಒಂದೇ: ಪಂಚಾಂಗ ನೋಡಿ ಸಿಂಪಡಿಸಬಾರದು, ಹೊಲ ನೋಡಿ ಸಿಂಪಡಿಸಬೇಕು.

ಎರಡು ಜಾತಿಯ ಬಲೆಗಳು

ಪತಂಗ ಹಿಡಿಯುವ ಬಲೆಗಳು ಮುಖ್ಯವಾಗಿ ಎರಡು ಬಗೆಯವು. ಒಂದು ದೀಪದ ಬಲೆ; ಇನ್ನೊಂದು ಹೆಣ್ಣು ಪತಂಗದ ವಾಸನೆಯನ್ನು ಕೃತಕವಾಗಿ ತಯಾರಿಸಿ ಗಂಡನ್ನು ಕರೆತರುವ ಮೋಹಕ ಬಲೆ. ಔರಾದ ತಾಲೂಕಿನ ರೈತರು ಪೇಟೆಗೆಂದು ಉದಗೀರಕ್ಕೆ ಹೋದರೆ ಅಲ್ಲಿ ಎರಡನೆಯದನ್ನು ‘ಕಾಮಗಂಧ ಸಾಪಳಾ’ ಎನ್ನುತ್ತಾರೆ. ಜಹೀರಾಬಾದಿನ ಕಡೆ ‘ಲಿಂಗಾಕರ್ಷಕ ಬುಟ್ಟಲು’ ಎನ್ನುತ್ತಾರೆ. ಮೂರೂ ಒಂದೇ ವಸ್ತು.

ದೀಪದ ಬಲೆ ಹಳೆಯದು. ಉರಿಯುವ ಬೆಳಕು, ಅದರ ಕೆಳಗೆ ನೀರು ತುಂಬಿದ ಪಾತ್ರೆ, ನೀರಿನ ಮೇಲೆ ತೆಳುವಾಗಿ ಸೀಮೆಎಣ್ಣೆ: ಇಷ್ಟಿದ್ದರೆ ಬಲೆಯಾಯಿತು. ಹಿಂದೆ ಕಂದೀಲು, ಪೆಟ್ರೋಮ್ಯಾಕ್ಸ್ ದೀಪಗಳನ್ನು ಮೂರು ಗೂಟಗಳ ಮೇಲೆ ತೂಗುಹಾಕಿ ಇದನ್ನು ಮಾಡುತ್ತಿದ್ದರು. ಈಗ ಸೀಮೆಎಣ್ಣೆ ಸಿಗದಿದ್ದರೆ ಬಟ್ಟೆ ಒಗೆಯುವ ಸೋಪಿನ ಪುಡಿ ಕದಡಿದ ನೀರೂ ಸಾಕು. ಬಿದ್ದ ಪತಂಗ ಮತ್ತೆ ಮೇಲೇಳುವುದಿಲ್ಲ. ಕರೆಂಟು ಇರುವಲ್ಲಿ ಪಾದರಸದ ದೀಪ ಅಥವಾ ನೇರಳಾತೀತ ಕಿರಣ ಸೂಸುವ ದೀಪ ಸಾಮಾನ್ಯ ಬಲ್ಬಿಗಿಂತ ಹೆಚ್ಚು ಪತಂಗಗಳನ್ನು ಸೆಳೆಯುತ್ತದೆ. ಹಗಲು ಬಿಸಿಲಿನಲ್ಲಿ ಚಾರ್ಜ್ ಆಗಿ ಸಂಜೆ ತಾನೇ ಹೊತ್ತಿಕೊಳ್ಳುವ ಸೌರ ದೀಪದ ಬಲೆಗಳೂ ಮಾರುಕಟ್ಟೆಯಲ್ಲಿವೆ.

ದೀಪಕ್ಕೆ ಗಂಡೂ ಬರುತ್ತದೆ, ಹೆಣ್ಣೂ ಬರುತ್ತದೆ. ಒಂದಲ್ಲ, ಹತ್ತಾರು ಜಾತಿಯ ಕೀಟಗಳು ಬರುತ್ತವೆ. ಇದು ಅದರ ಗುಣವೂ ಹೌದು, ದೋಷವೂ ಹೌದು. ಬೆಳಗ್ಗೆ ಪಾತ್ರೆಯಲ್ಲಿ ರಾಶಿ ಬಿದ್ದ ಕೀಟಗಳಲ್ಲಿ ಬೆಳೆಗೆ ಶತ್ರುವಾದವು ಕೆಲವು, ಏನೂ ಸಂಬಂಧವಿಲ್ಲದವು ಹಲವು, ಹುಳುಗಳನ್ನು ತಿಂದು ರೈತನಿಗೆ ಉಪಕಾರ ಮಾಡುವ ನೆಲಜೀರುಂಡೆಯಂತಹವೂ ಸಾಕಷ್ಟು. ಪಾತ್ರೆ ತುಂಬಿತೆಂದು ಸಂತೋಷಪಡುವ ಮುನ್ನ ಒಂದು ಹಿಡಿ ತೆಗೆದು ಬಿಳಿ ಕಾಗದದ ಮೇಲೆ ಹರಡಿ ನೋಡುವುದು ಲೇಸು. ಅಲ್ಲದೆ ದೀಪದ ಬಳಿ ಬಂದ ಪತಂಗಗಳೆಲ್ಲ ನೀರಿಗೆ ಬೀಳುವುದಿಲ್ಲ. ಎಷ್ಟೋ ಪತಂಗಗಳು ಸುತ್ತಲಿನ ಗಿಡಗಳ ಮೇಲೆ ಕುಳಿತು ಅಲ್ಲಿಯೇ ಮೊಟ್ಟೆಯಿಡುತ್ತವೆ. ಆದುದರಿಂದ ದೀಪದ ಬಲೆಯನ್ನು ಹೊಲದ ನಡುವೆ ಇಡದೆ ಬದುವಿನ ಆಚೆ, ಬರಿ ನೆಲದಲ್ಲಿ ಇಡಬೇಕು. ಸಂಜೆ ಕತ್ತಲಾದಾಗಿನಿಂದ ಮೂರು ಗಂಟೆ ಉರಿಸಿದರೆ ಸಾಕು. ಇಡೀ ರಾತ್ರಿ ಉರಿಸುವುದರಿಂದ ಉಪಕಾರಿ ಕೀಟಗಳ ನಾಶವೇ ಹೆಚ್ಚುತ್ತದೆ. ಸೌರ ಬಲೆ ಕೊಳ್ಳುವವರು ಅದು ಕೆಲವು ಗಂಟೆಗಳ ನಂತರ ತಾನೇ ಆರುತ್ತದೆಯೇ ಎಂದು ಅಂಗಡಿಯಲ್ಲಿಯೇ ಕೇಳಿಕೊಳ್ಳಬೇಕು.

ದೀಪದ ಬಲೆಯ ಲೆಕ್ಕಕ್ಕೆ ಚಂದ್ರನೂ ಅಡ್ಡ ಬರುತ್ತಾನೆ. ಬೆಳದಿಂಗಳಿನಲ್ಲಿ ದೀಪದ ಸೆಳೆತ ಕುಂದಿ ಬೀಳುವ ಪತಂಗಗಳು ಕಡಿಮೆ. ಕತ್ತಲ ರಾತ್ರಿಗಳಲ್ಲಿ ಹೆಚ್ಚು. ಎಳ್ಳು ಅಮಾವಾಸ್ಯೆಯ ಹಬ್ಬಕ್ಕೆ ಹೊಲಕ್ಕೆ ಹೋದವರು ದೀಪದ ಬಲೆಯಲ್ಲಿ ನೂರು ಪತಂಗ ಕಂಡು ಗಾಬರಿಯಾಗಬಾರದು. ಹದಿನೈದು ದಿನ ಕಳೆದು ಹುಣ್ಣಿಮೆಯಂದು ಇಪ್ಪತ್ತೇ ಬಿದ್ದವೆಂದು ಪೀಡೆ ಕಳೆಯಿತೆಂದು ತಿಳಿಯಲೂಬಾರದು. ಒಂದು ಅಮಾವಾಸ್ಯೆಯ ಲೆಕ್ಕವನ್ನು ಇನ್ನೊಂದು ಅಮಾವಾಸ್ಯೆಯ ಲೆಕ್ಕದೊಡನೆ ಹೋಲಿಸುವುದು ಸರಿಯಾದ ಕ್ರಮ.

ಹಾಗಾದರೆ ದೀಪದ ಬಲೆ ನಿಜವಾಗಿ ಕೆಲಸಕ್ಕೆ ಬರುವುದು ಯಾವಾಗ? ಮುಂಗಾರಿನ ಮೊದಲ ದೊಡ್ಡ ಮಳೆಯಾದ ಕೂಡಲೆ. ಕೆಂಪು ಕಂಬಳಿ ಹುಳುವಿನ ಕೋಶಗಳು ಬೇಸಿಗೆಯುದ್ದಕ್ಕೂ ಬದುಗಳಲ್ಲಿ, ಮರಗಳ ನೆರಳಿನ ಮಣ್ಣಿನಲ್ಲಿ ಮಲಗಿದ್ದು, ನೆಲ ಚೆನ್ನಾಗಿ ನೆಂದ ಮೇಲೆ ಪತಂಗಗಳಾಗಿ ಒಟ್ಟಿಗೆ ಹೊರಬೀಳುತ್ತವೆ. ಆ ಕೆಲವು ರಾತ್ರಿಗಳಲ್ಲಿ ಊರಿನವರೆಲ್ಲ ಸೇರಿ ತಮ್ಮ ತಮ್ಮ ಹೊಲದ ಅಂಚಿಗೆ ದೀಪ ಹಚ್ಚಿದರೆ, ಇಲ್ಲವೆ ಕಸಕಡ್ಡಿಯ ಬೆಂಕಿ ಹಾಕಿದರೆ, ಮೊಟ್ಟೆಯಿಡುವ ಮೊದಲೇ ಬಹಳಷ್ಟು ಪತಂಗಗಳು ನಾಶವಾಗುತ್ತವೆ. ಒಬ್ಬರೇ ಹಚ್ಚಿದರೆ ಸುತ್ತಲಿನ ಹೊಲಗಳ ಪತಂಗಗಳನ್ನೂ ತಮ್ಮ ಹೊಲಕ್ಕೆ ಕರೆದಂತಾಗುತ್ತದೆ. ಹೆಸರು, ಉದ್ದು ಬಿತ್ತುವ ಊರುಗಳಲ್ಲಿ ಇದನ್ನು ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ನಿಶ್ಚಯಿಸಿ ಮಾಡುವುದು ಒಳ್ಳೆಯದು.

ಮಳೆಗಾಲದ ಹೊಲದಲ್ಲಿ ಕರೆಂಟಿನ ತಂತಿ ಎಳೆಯುವ ವಿಷಯದಲ್ಲಿ ಒಂದು ಎಚ್ಚರಿಕೆ. ಪಂಪ್‌ಸೆಟ್ಟಿನ ಪೆಟ್ಟಿಗೆಯಿಂದ ಜೋಡಣೆಯ ಮೇಲೆ ಜೋಡಣೆ ಹಾಕಿ ತಂದ ತಂತಿ, ಒದ್ದೆ ನೆಲ, ತಗಡಿನ ಬೋಗುಣಿ ಇವು ಮೂರು ಸೇರಿದಲ್ಲಿ ಜೀವಕ್ಕೇ ಅಪಾಯ. ಅಂತಹ ಕಡೆ ಸೌರ ದೀಪವೇ ಮೇಲು.

ಮೋಹಕ ಬಲೆ

ರೇಷ್ಮೆ ಸಾಕಿದವರಿಗೆ ಇದರ ತತ್ವ ಬೇಗ ಅರ್ಥವಾಗುತ್ತದೆ. ಗೂಡಿನಿಂದ ಹೊರಬಂದ ಹೆಣ್ಣು ಚಿಟ್ಟೆ ಕುಳಿತಲ್ಲಿಯೇ ಕುಳಿತು ಒಂದು ವಾಸನೆ ಬಿಡುತ್ತದೆ. ಗಂಡು ರೆಕ್ಕೆ ಬಡಿಯುತ್ತ ಅದನ್ನು ಹುಡುಕಿಕೊಂಡು ಬರುತ್ತದೆ. ಜರ್ಮನಿಯ ವಿಜ್ಞಾನಿ ಅಡಾಲ್ಫ್ ಬುಟೆನಾಂಟ್ ಸುಮಾರು ಐದು ಲಕ್ಷ ಹೆಣ್ಣು ರೇಷ್ಮೆ ಚಿಟ್ಟೆಗಳಿಂದ ಈ ವಾಸನೆಯ ವಸ್ತುವನ್ನು ಬೇರ್ಪಡಿಸಿ 1959ರಲ್ಲಿ ಅದರ ರಚನೆಯನ್ನು ತಿಳಿಸಿದರು. ಆಮೇಲೆ ಒಂದೊಂದೇ ಕೀಟದ ವಾಸನೆಯನ್ನು ಕಂಡುಹಿಡಿದು ಕೃತಕವಾಗಿ ತಯಾರಿಸತೊಡಗಿದರು. ಕಾಯಿಕೊರಕದ ವಾಸನೆ ಎರಡು ರಾಸಾಯನಿಕಗಳ ಮಿಶ್ರಣ. ನೂರರಲ್ಲಿ ತೊಂಬತ್ತೇಳು ಪಾಲು ಒಂದು, ಮೂರು ಪಾಲು ಮತ್ತೊಂದು. ಈ ಮಿಶ್ರಣದ ಕೆಲವು ಮಿಲಿಗ್ರಾಂ ಹೀರಿಸಿದ ರಬ್ಬರಿನ ಸಣ್ಣ ಬಿರಡೆಯನ್ನೇ ಅಂಗಡಿಗಳಲ್ಲಿ ‘ಲ್ಯೂರ್’ ಎಂದು ಮಾರುವುದು. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸಾಟ್ ಸಂಸ್ಥೆಯವರು ತೊಗರಿ, ಕಡಲೆಯ ಕಾಯಿಕೊರಕಕ್ಕಾಗಿ ಇಂತಹ ಬಲೆಗಳ ಮೇಲೆ ಬಹುಕಾಲ ಕೆಲಸ ಮಾಡಿದ್ದಾರೆ. ಬೀದರಿನ ಹೊಲಗಳಿಗೂ ಅಲ್ಲಿನ ಹೊಲಗಳಿಗೂ ಅಂಥ ದೂರವಿಲ್ಲ.

ಒಂದು ಲ್ಯೂರಿಗೆ ಒಂದೇ ಜಾತಿಯ ಪತಂಗ ಬರುತ್ತದೆ ಎಂಬುದನ್ನು ಮೊದಲ ಬಲೆ ಕೊಳ್ಳುವವರು ಎಲ್ಲಕ್ಕಿಂತ ಮುಖ್ಯವಾಗಿ ನೆನಪಿಡಬೇಕು. ಹೆಲಿಕೋವರ್ಪಾ ಎಂದು ಬರೆದ ಲ್ಯೂರಿಗೆ ಹಸಿರು ಕಾಯಿಕೊರಕದ ಗಂಡು ಮಾತ್ರ ಬರುತ್ತದೆ. (ಹಳೆಯ ಕರಪತ್ರಗಳಲ್ಲಿ ಇದೇ ಕೀಟವನ್ನು ಹೆಲಿಯೋಥಿಸ್ ಎಂದು ಬರೆದಿರುವುದುಂಟು, ಹೆಸರು ಬದಲಾಗಿದೆ, ಹುಳು ಅದೇ.) ಸೋಯಾಅವರೆಯ ಎಲೆ ತಿನ್ನುವ ಸ್ಪೋಡೋಪ್ಟೆರಾಕ್ಕೆ ಬೇರೆ ಲ್ಯೂರ್, ಹತ್ತಿಯ ಗುಲಾಬಿ ಕಾಯಿಕೊರಕಕ್ಕೆ ಬೇರೆ, ಬದನೆಯ ಕಾಯಿ ಮತ್ತು ಕುಡಿ ಕೊರಕಕ್ಕೆ ಬೇರೆ, ಕಬ್ಬಿನ ಸುಳಿ ಕೊರಕಕ್ಕೆ ಬೇರೆ. 2018ರಲ್ಲಿ ಕರ್ನಾಟಕದಲ್ಲಿ ಮೊದಲು ಕಾಣಿಸಿಕೊಂಡ ಮುಸುಕಿನ ಜೋಳದ ಸೈನಿಕ ಹುಳುವಿಗೂ ಅದರದೇ ಲ್ಯೂರ್ ಉಂಟು. ತೊಗರಿಯ ಹೂವು ಮೊಗ್ಗುಗಳನ್ನು ನೂಲಿನಿಂದ ಬಲೆ ಕಟ್ಟಿ ಒಳಗೆ ಕುಳಿತು ತಿನ್ನುವ ಮರುಕಾ ಹುಳುವಿನ ಪತಂಗ ಹೆಲಿಕೋವರ್ಪಾ ಬಲೆಗೆ ಬೀಳುವುದಿಲ್ಲ. ಕಾಯಿಯೊಳಗೆ ಕಾಳು ತಿನ್ನುವ ಕಾಯಿನೊಣ ಪತಂಗವೇ ಅಲ್ಲ. ಆದುದರಿಂದ ಬಲೆ ಬರಿದಾಗಿದೆಯೆಂದು ಹೊಲದ ಕಡೆ ಕಾಲಿಡದಿದ್ದರೆ ಮರುಕಾದ ಜೇಡುಗಟ್ಟಿದ ಹೂಗೊಂಚಲುಗಳು ಕಣ್ಣಿಗೆ ಬೀಳುವಾಗ ತಡವಾಗಿರುತ್ತದೆ.

ಎರಡನೆಯ ಮಾತು, ಈ ಬಲೆ ಹುಳುವನ್ನು ಕಡಿಮೆ ಮಾಡುವ ಸಾಧನವೆಂದು ಕೊಳ್ಳಬಾರದು. ಬೀಳುವುದು ಗಂಡು ಮಾತ್ರ. ಒಂದು ಗಂಡು ಹಲವು ಹೆಣ್ಣುಗಳೊಡನೆ ಕೂಡಬಲ್ಲದು. ಬಲೆಗೆ ಅರ್ಧದಷ್ಟು ಗಂಡುಗಳು ಬಿದ್ದರೂ ಉಳಿದ ಗಂಡುಗಳೇ ಸಾಕು. ಅಲ್ಲದೆ ನೆರೆಹೊಲದಲ್ಲಿ ಆಗಲೇ ಕೂಡಿದ ಹೆಣ್ಣು ಹಾರಿ ಬಂದು ಮೊಟ್ಟೆಯಿಡುವುದನ್ನು ಯಾವ ಮೋಹಕ ಬಲೆಯೂ ತಡೆಯಲಾರದು. ಅಂತಹ ಒಂದು ಹೆಣ್ಣು ತನ್ನ ಅಲ್ಪ ಆಯುಷ್ಯದಲ್ಲಿ ಐನೂರರಿಂದ ಸಾವಿರಕ್ಕೂ ಮೇಲ್ಪಟ್ಟು ಮೊಟ್ಟೆಯಿಡುತ್ತದೆ. ಬಲೆಯಿಂದ ಸಿಗುವುದು ಸುದ್ದಿ. ಆ ಸುದ್ದಿ ಬಂದಾಗ ಹೊಲಕ್ಕೆ ಇಳಿದು ಗಿಡ ನೋಡುವವರಿಗೆ ಮಾತ್ರ ಅದರ ಲಾಭ.

ಬಲೆಯ ಆಕಾರ

ಒಂದೇ ಲ್ಯೂರನ್ನು ಮೂರು ಬಗೆಯ ಬಲೆಗಳಲ್ಲಿ ಇಡಬಹುದು. ಕೊಳವೆ ಬಲೆಯಲ್ಲಿ ಮೇಲೊಂದು ಮುಚ್ಚಳ, ಮುಚ್ಚಳದ ಅಡಿಯಲ್ಲಿ ಲ್ಯೂರ್, ಕೆಳಗೆ ಆಲಿಕೆ, ಆಲಿಕೆಗೆ ಕಟ್ಟಿದ ಉದ್ದನೆಯ ಪ್ಲಾಸ್ಟಿಕ್ ಚೀಲ. ವಾಸನೆ ಹಿಡಿದು ಬಂದ ಗಂಡು ಮುಚ್ಚಳದ ಸುತ್ತ ಸುತ್ತಿ ದಣಿದು ಆಲಿಕೆಗೆ ಬಿದ್ದು ಚೀಲ ಸೇರುತ್ತದೆ. ತ್ರಿಕೋನದ ಅಂಟು ಬಲೆಯಲ್ಲಿ ಒಳಗಿನ ಹಾಳೆಗೆ ಅಂಟು ಸವರಿರುತ್ತದೆ. ನೀರಿನ ಬಲೆಯಲ್ಲಿ ಲ್ಯೂರಿನ ಕೆಳಗೆ ಸೋಪಿನ ನೀರಿನ ತಟ್ಟೆ ಇರುತ್ತದೆ.

ತೊಗರಿ, ಕಡಲೆ ಬೆಳೆಯುವವರಿಗೆ ಕೊಳವೆ ಬಲೆಯೇ ಸರಿ. ಕಾಯಿಕೊರಕದ ಪತಂಗ ದಪ್ಪ ಮೈಯದು; ಅಂಟು ಹಾಳೆಯ ಮೇಲೆ ಹತ್ತು ಬಿದ್ದರೆ ಅವುಗಳ ರೆಕ್ಕೆಯ ಪುಡಿಯಿಂದಲೇ ಅಂಟು ಕೆಡುತ್ತದೆ. ಅದರ ಮೇಲೆ ಕರಿಭೂಮಿಯ ಹಿಂಗಾರಿ ಧೂಳು ಕೂತರೆ ಹಾಳೆ ಎರಡೇ ದಿನಕ್ಕೆ ನಿರುಪಯೋಗಿ. ಅಂಟು ಬಲೆ ಸಣ್ಣ ಪತಂಗಗಳಿಗೆ ತಕ್ಕದ್ದು. ನೀರಿನ ಬಲೆ ಬದನೆ, ಟೊಮ್ಯಾಟೊ ಬೆಳೆಯುವಲ್ಲಿ, ದಿನವೂ ನೀರು ಹಾಕುವವರಿರುವಲ್ಲಿ ಚೆನ್ನ. ದೂರದ ಹೊಲದಲ್ಲಿಟ್ಟರೆ ಒಣಗಾಳಿಗೆ ತಟ್ಟೆ ಬತ್ತಿ ಪತಂಗ ಬಂದಂತೆಯೇ ಹೊರಟುಹೋಗುತ್ತದೆ.

ಕೊಳ್ಳುವಾಗ ಬಲೆಗಿಂತ ಲ್ಯೂರಿನ ಕಡೆ ಹೆಚ್ಚು ಗಮನವಿರಲಿ. ಪೊಟ್ಟಣದ ಮೇಲೆ ಕೀಟದ ಹೆಸರು, ತಯಾರಿಸಿದ ದಿನ, ಅವಧಿ ಮುಗಿಯುವ ದಿನ ಮೂರೂ ಇರಬೇಕು. ಅಂಗಡಿಯಲ್ಲಿ ಬಿಸಿಲು ಬೀಳುವ ಕಿಟಕಿಯಲ್ಲಿ ತೂಗುಹಾಕಿದ ಲ್ಯೂರನ್ನು ಕೊಳ್ಳಬಾರದು. ‘ಹುಳುವಿನ ಬಲೆ ಕೊಡಿ’ ಎಂದಷ್ಟೇ ಕೇಳಿದರೆ ಮಾವು, ಪೇರಲಕ್ಕೆ ಬರುವ ಹಣ್ಣುನೊಣದ ಬಲೆಯನ್ನೂ ಕೈಗಿಡಬಹುದು. ಬೆಳೆ ಮತ್ತು ಹುಳು ಎರಡರ ಹೆಸರನ್ನೂ ಹೇಳಬೇಕು. ಬಲೆ ಮೂರು ನಾಲ್ಕು ಹಂಗಾಮು ಬಾಳುತ್ತದೆ, ಲ್ಯೂರ್ ಮೂರು ನಾಲ್ಕು ವಾರ ಮಾತ್ರ. ಎಕರೆಗೆ ಎರಡರಂತೆ ಎರಡೆಕರೆಗೆ ನಾಲ್ಕು ಬಲೆ ಹಾಕಿದರೆ, ಮೊಗ್ಗಿನಿಂದ ಕಾಯಿ ಬಲಿಯುವವರೆಗೆ ಬಲೆಗೆ ಮೂರರಂತೆ ಹನ್ನೆರಡು ಲ್ಯೂರ್ ಬೇಕಾಗುತ್ತದೆ. ಬಲೆಯ ಬೆಲೆಯನ್ನಷ್ಟೇ ಕೇಳಿ ತಂದು ಎರಡನೆಯ ತಿಂಗಳು ಹಳೆಯ ಲ್ಯೂರಿನಲ್ಲೇ ನಡೆಸುವುದು ಎಲ್ಲೆಡೆ ಕಾಣುವ ತಪ್ಪು. ಹೊಲದಲ್ಲಿ ಹುಳು ಹೆಚ್ಚುವುದೂ ಲ್ಯೂರಿನ ವಾಸನೆ ಮುಗಿಯುವುದೂ ಹೀಗೆ ಒಂದೇ ಹೊತ್ತಿಗೆ ಬರುತ್ತವೆ.

ಮೂರು ಕಡೆಯ ಮೂರು ಅಗತ್ಯ

ಭಾಲ್ಕಿಯ ಕಡೆ, ಕರಿಭೂಮಿಯಲ್ಲಿ, ಮುಂಗಾರಿಗೆ ಸೋಯಾಅವರೆ, ಅದರ ಜೊತೆ ಸಾಲುಸಾಲಾಗಿ ತೊಗರಿ ಹಾಕುವ ರೈತರು ಬಹಳ. ಅವರಿಗೆ ಎರಡು ಲ್ಯೂರ್ ಬೇಕಾಗುತ್ತದೆ, ಆದರೆ ಒಟ್ಟಿಗಲ್ಲ. ಆಗಸ್ಟ್–ಸೆಪ್ಟೆಂಬರಿನಲ್ಲಿ ಸೋಯಾಕ್ಕೆ ಸ್ಪೋಡೋಪ್ಟೆರಾ ಲ್ಯೂರ್. ಈ ಪತಂಗದ ಮುಂದಿನ ರೆಕ್ಕೆ ಕಂದು, ಅದರ ಮೇಲೆ ಬಿಳಿ ಗೆರೆಗಳ ಜಾಲ. ಹಿಂದಿನ ರೆಕ್ಕೆ ಹೊಳೆಯುವ ಬಿಳಿ. ಬಲೆಗೆ ಬೀಳತೊಡಗಿದೊಡನೆ ಎಲೆಯ ಅಡಿ ಕಂದು ರೋಮ ಮುಚ್ಚಿದ ಮೊಟ್ಟೆಯ ಗುಂಪುಗಳನ್ನೂ, ಜರಡಿಯಂತಾದ ಎಲೆಗಳನ್ನೂ ಹುಡುಕಿ ಕಿತ್ತು ನಾಶಮಾಡಿದರೆ ಒಂದೊಂದು ಎಲೆಯೊಡನೆ ನೂರಾರು ಹುಳುಗಳು ಹೋಗುತ್ತವೆ. ಸೋಯಾ ಕಟಾವಾದ ಮೇಲೆ ಅದೇ ಬಲೆಗಳನ್ನು ತೊಳೆದು, ಒಣಗಿಸಿ, ಹೆಲಿಕೋವರ್ಪಾ ಲ್ಯೂರ್ ಹಾಕಿ ತೊಗರಿಗೆ ಬಳಸಬಹುದು. ಎರಡು ಲ್ಯೂರ್‌ಗಳನ್ನು ಒಂದೇ ಬಲೆಯಲ್ಲಿ ಇಟ್ಟರೆ ಖರ್ಚು ಉಳಿಯಿತೆಂದು ತಿಳಿಯಬಾರದು. ಒಂದರ ವಾಸನೆ ಇನ್ನೊಂದನ್ನು ಕೆಡಿಸಿ ಎರಡೂ ಪತಂಗಗಳು ಬರುವುದು ಕಡಿಮೆಯಾಗುತ್ತದೆ.

ಔರಾದಿನ ಮಳೆಯಾಶ್ರಿತ ಹೊಲಗಳಲ್ಲಿ ಹೆಸರು, ಉದ್ದು ಮುಗಿಯುತ್ತಿದ್ದಂತೆ ತೊಗರಿ ಹೂವಾಡುತ್ತದೆ, ತೊಗರಿಯ ಬೆನ್ನಿಗೆ ಕಡಲೆ ಕಾಯಿ ಕಟ್ಟುತ್ತದೆ. ಕಾಯಿಕೊರಕಕ್ಕೆ ಊಟ ತಪ್ಪುವುದೇ ಇಲ್ಲ. ಮೂವತ್ತರಿಂದ ನಲವತ್ತು ದಿನಗಳಲ್ಲಿ ಅದರ ಒಂದು ತಲೆಮಾರು ಮುಗಿದು, ಮಣ್ಣಿನಲ್ಲಿ ಕೋಶವಾಗಿ, ಮತ್ತೆ ಪತಂಗವಾಗಿ ಪಕ್ಕದ ಬೆಳೆಗೆ ಹಾರುತ್ತದೆ. ಇಲ್ಲಿ ಹೊಲಗಳು ಊರಿನಿಂದ ದೂರ, ರಾತ್ರಿ ಕರೆಂಟಿನ ಭರವಸೆ ಇಲ್ಲ. ದೀಪದ ಬಲೆಯ ಗೊಡವೆ ಬೇಡ. ಮೊದಲ ಬಲೆ ಎಂದರೆ ಹೆಲಿಕೋವರ್ಪಾ ಲ್ಯೂರಿನ ಕೊಳವೆ ಬಲೆ. ಕಂಬಳಿ ಹುಳುವಿನ ಕಾಟ ವರ್ಷ ವರ್ಷವೂ ಬರುವ ಊರುಗಳಲ್ಲಿ ಮಾತ್ರ ಎಲ್ಲರೂ ಸೇರಿ ಒಂದೆರಡು ಸೌರ ದೀಪಗಳನ್ನು ಕೊಂಡರೆ ಪ್ರಯೋಜನವಿದೆ.

ಬೀದರ ನಗರದೊಳಗೆ, ಕೆಂಪು ಜಂಬಿಟ್ಟಿಗೆಯ ನೆಲದ ಮೇಲೆ ಮನೆಯ ಹಿತ್ತಲಿನಲ್ಲಿ ಹತ್ತು ಟೊಮ್ಯಾಟೊ, ನಾಲ್ಕು ಬದನೆ, ಒಂದು ನಿಂಬೆ, ಒಂದು ದಾಳಿಂಬೆ ಇಟ್ಟುಕೊಂಡವರು ಯಾವ ಬಲೆ ಕೊಳ್ಳಬೇಕೆಂದು ಕೇಳುವುದುಂಟು. ನೇರವಾಗಿ ಹೇಳಬೇಕೆಂದರೆ ಅವರಿಗೆ ಬಲೆಯ ಅಗತ್ಯವಿಲ್ಲ. ಇಷ್ಟು ಗಿಡಗಳನ್ನು ದಿನವೂ ಬೆಳಗ್ಗೆ ನೀರು ಹಾಕುವಾಗಲೇ ನೋಡಿ ಹುಳು ಆರಿಸಬಹುದು. ಬದನೆಯ ಬಾಡಿದ ಕುಡಿಗಳನ್ನು ವಾರಕ್ಕೊಮ್ಮೆ, ಹುಳು ಹೊಕ್ಕ ಭಾಗದ ಕೆಳಗಿನಿಂದ ಕತ್ತರಿಸಿ ಸುಟ್ಟುಹಾಕಬೇಕು. 2014ರಲ್ಲಿ ಭಾರತಕ್ಕೆ ಹೊಸದಾಗಿ ಬಂದ ಟೂಟಾ ಹುಳು ಟೊಮ್ಯಾಟೊ ಎಲೆಯಲ್ಲಿ ಅಗಲವಾದ ಒಣ ಮಚ್ಚೆ ಮಾಡಿದ್ದರೆ ಆ ಎಲೆಗಳನ್ನು ಕಿತ್ತುಹಾಕಬೇಕು. ದೀಪದ ಬಲೆಯಂತೂ ಬೀದಿದೀಪಗಳ ನಡುವೆ ಸೋಲುತ್ತದೆ. ನಿಂಬೆ, ದಾಳಿಂಬೆ ಹಣ್ಣಿಗೆ ಸೊಂಡಿಲು ಚುಚ್ಚಿ ರಸ ಹೀರುವ ದೊಡ್ಡ ಪತಂಗ ದೀಪಕ್ಕೆ ಅಷ್ಟಾಗಿ ಬರುವುದಿಲ್ಲ. ಅದರ ಮರಿಹುಳು ಬೆಳೆಯುವುದು ಬೇಲಿಯ ಮೇಲೆ ಹಬ್ಬಿದ ಅಮೃತಬಳ್ಳಿಯಂತಹ ಬಳ್ಳಿಗಳಲ್ಲಿ. ಬಳ್ಳಿಯನ್ನು ಔಷಧಕ್ಕೆಂದು ಬೆಳೆಸಿದವರು ಅದರ ಎಲೆಗಳ ಮೇಲೆ ಹುಳುವಿದೆಯೇ ಎಂದು ನೋಡುತ್ತಿರಬೇಕು. ಬಲಿತ ಹಣ್ಣುಗಳಿಗೆ ಕಾಗದದ ಅಥವಾ ಬಟ್ಟೆಯ ಚೀಲ ಕಟ್ಟಬೇಕು.

ಹಿತ್ತಲಿನಲ್ಲಿ ಯಾವ ಪತಂಗಗಳಿವೆ ಎಂದು ತಿಳಿಯುವ ಕುತೂಹಲವಿದ್ದರೆ, ಅಥವಾ ಶಾಲೆಯ ಮಕ್ಕಳಿಗೆ ತೋರಿಸಬೇಕಿದ್ದರೆ, ಬಿಳಿ ಪಂಚೆಯೊಂದನ್ನು ಹಗ್ಗದ ಮೇಲೆ ಹರವಿ ಅದರ ಮುಂದೆ ಒಂದು ಬಲ್ಬು ಉರಿಸಿದರೆ ಸಾಕು. ಮಳೆಗಾಲದ ಕತ್ತಲ ಸಂಜೆ ಒಂದು ಗಂಟೆಯಲ್ಲಿ ಹತ್ತಾರು ಬಗೆ ಬಂದು ಕೂಡುತ್ತವೆ. ನೋಡಿ, ಬರೆದುಕೊಂಡು, ದೀಪ ಆರಿಸಿದರೆ ಅವು ತಮ್ಮ ದಾರಿ ಹಿಡಿಯುತ್ತವೆ. ಕೊಲ್ಲುವ ಅಗತ್ಯವಿಲ್ಲ.

ಕಟ್ಟುವುದು, ಎಣಿಸುವುದು

ತೊಗರಿ ಮೊಗ್ಗೊಡೆಯುವ ಒಂದು ವಾರ ಮೊದಲೇ ಬಲೆ ಕಟ್ಟಬೇಕು. ಲ್ಯೂರಿನ ಎತ್ತರ ಗಿಡದ ತುದಿಯಿಂದ ಸುಮಾರು ಒಂದು ಅಡಿ ಮೇಲಿರಬೇಕು. ತೊಗರಿ ಆಳೆತ್ತರ ಬೆಳೆಯುವುದರಿಂದ ಗಿಡ್ಡ ಗೂಟಕ್ಕೆ ಕಟ್ಟಿದ ಬಲೆ ತಿಂಗಳೊಳಗೆ ಎಲೆಗಳಲ್ಲಿ ಮುಳುಗುತ್ತದೆ. ಎಂಟು ಹತ್ತು ಅಡಿಯ ಬಿದಿರು ಗಳ ನೆಟ್ಟು ಬಲೆಯನ್ನು ಏರಿಸುತ್ತ ಹೋಗಬೇಕು. ಬಲೆಯಿಂದ ಬಲೆಗೆ 40–50 ಮೀಟರ್ ಅಂತರವಿರಲಿ. ಲ್ಯೂರನ್ನು ಬರಿಗೈಯಿಂದ ಮುಟ್ಟಬಾರದು, ತಂಬಾಕು ತಿಕ್ಕಿದ ಕೈಯಿಂದಂತೂ ಕೂಡದು. ಪೊಟ್ಟಣವನ್ನೇ ಕೈಗವಸಿನಂತೆ ಹಿಡಿದು ಸಿಕ್ಕಿಸಬೇಕು. ಉಳಿದವನ್ನು ಪೊಟ್ಟಣ ಒಡೆಯದೆ ತಂಪಾದ ಕಡೆ ಇಡಬೇಕು. ಚೀಲದ ತುದಿಯನ್ನು ಗಂಟು ಹಾಕಿ, ಮಳೆ ನೀರು ನಿಲ್ಲದಂತೆ ಸೂಜಿಯಿಂದ ನಾಲ್ಕು ತೂತು ಮಾಡಬೇಕು. ಗಳದ ಬುಡಕ್ಕೆ ಗ್ರೀಸ್ ಸವರದಿದ್ದರೆ ಇರುವೆಗಳು ಏರಿ ಬಿದ್ದ ಪತಂಗಗಳನ್ನು ಹೊತ್ತೊಯ್ದು ಲೆಕ್ಕವನ್ನೇ ತಪ್ಪಿಸುತ್ತವೆ.

ಗಂಡು ಪತಂಗ ಹೆಚ್ಚಾಗಿ ಬರುವುದು ನಡುರಾತ್ರಿಯ ನಂತರ. ಬೆಳಗ್ಗೆ ಹೋಗಿ ಎಣಿಸುವುದು ಅನುಕೂಲ. ಮುಂದಿನ ರೆಕ್ಕೆಯ ಮೇಲೆ ಮೂತ್ರಪಿಂಡದ ಆಕಾರದ ಕಪ್ಪು ಮಚ್ಚೆ, ಮಸುಕಾದ ಹಿಂದಿನ ರೆಕ್ಕೆಯ ಅಂಚಿಗೆ ಅಗಲವಾದ ಕಪ್ಪು ಪಟ್ಟೆ, ಮೈ ಬಣ್ಣ ಹಸಿರು ಛಾಯೆಯ ಬೂದು: ಇದು ಕಾಯಿಕೊರಕದ ಗಂಡು. ಎರಡು ದಿನಕ್ಕೊಮ್ಮೆ ಎಣಿಸಿದರೆ ಒಟ್ಟು ಸಂಖ್ಯೆಯನ್ನು ಬಲೆಗಳ ಸಂಖ್ಯೆಯಿಂದಲೂ ರಾತ್ರಿಗಳ ಸಂಖ್ಯೆಯಿಂದಲೂ ಭಾಗಿಸಬೇಕು. ನಾಲ್ಕು ಬಲೆಗಳಲ್ಲಿ ಎರಡು ರಾತ್ರಿಗೆ ನಲವತ್ತು ಬಿದ್ದಿದ್ದರೆ ಬಲೆಯೊಂದಕ್ಕೆ ರಾತ್ರಿಗೆ ಐದು. ನಾಲ್ಕೈದರ ಮಟ್ಟ ಮುಟ್ಟಿ ಅಲ್ಲಿಯೇ ನಿಂತರೆ, ಅಥವಾ ದಿನೇ ದಿನೇ ಏರುತ್ತಿದ್ದರೆ, ಗಿಡ ನೋಡಲು ಹೊರಡಬೇಕು. ಚಳಿ ಬಿದ್ದ ರಾತ್ರಿ, ಮಳೆ ಗಾಳಿಯ ರಾತ್ರಿ ಸಂಖ್ಯೆ ಇಳಿಯುವುದು ಸಹಜ.

ಸಿಂಪರಣೆಯ ನಿರ್ಧಾರ ಬಲೆಯಿಂದ ಆಗುವುದಲ್ಲ, ಗಿಡದಿಂದ ಆಗುವುದು. ಬಲೆಗೆ ಬಿದ್ದ ಪತಂಗಗಳಿಗೂ ಗಿಡದ ಮೇಲಿನ ಹುಳುಗಳಿಗೂ ತಾಳೆ ಬೀಳದ ವರ್ಷಗಳೂ ಉಂಟು. ಹೊಲದ ಅಲ್ಲಲ್ಲಿ ಇಪ್ಪತ್ತು ಗಿಡಗಳನ್ನು ನೋಡಿ ತೊಗರಿಯಲ್ಲಿ ಗಿಡಕ್ಕೆ ಎರಡು ಮೊಟ್ಟೆ ಅಥವಾ ಒಂದು ಮರಿಹುಳು, ಕಡಲೆಯಲ್ಲಿ ಸಾಲಿನ ಮೀಟರಿಗೆ ಒಂದು ಮರಿಹುಳು ಕಂಡರೆ ಕ್ರಮ ಕೈಗೊಳ್ಳಬೇಕು. ಮೊಟ್ಟೆ, ಸಣ್ಣ ಹುಳುಗಳ ಹಂತವಾದರೆ ಶೇ. 5ರ ಬೇವಿನ ಬೀಜದ ಕಷಾಯ, ಅಂದರೆ 100 ಲೀಟರ್ ನೀರಿಗೆ 5 ಕಿಲೋ ಬೀಜದ ತಿರುಳು. ಇಲ್ಲವೆ ಎಕರೆಗೆ 100 ಎಲ್.ಇ. ಪ್ರಮಾಣದ ಎನ್.ಪಿ.ವಿ. ನಂಜಾಣು. ನಂಜಾಣು ಬಿಸಿಲಿಗೆ ಸಾಯುವುದರಿಂದ ಇಳಿಹೊತ್ತಿನಲ್ಲಿ, ಲೀಟರಿಗೆ 5 ಗ್ರಾಂ ಬೆಲ್ಲವನ್ನೂ 1 ಗ್ರಾಂ ಬಟ್ಟೆಯ ನೀಲಿಯನ್ನೂ ಬೆರೆಸಿ ಸಿಂಪಡಿಸಬೇಕು. ಹುಳು ಬಲಿತುಹೋಗಿದ್ದರೆ ಸಾಲುಗಳ ನಡುವೆ ತಾಡಪತ್ರಿ ಹಾಸಿ ಗಿಡಗಳನ್ನು ಅಲ್ಲಾಡಿಸಿ ಬಿದ್ದವನ್ನು ಆರಿಸಿ ಕೊಲ್ಲುವ ಈ ಸೀಮೆಯ ಕ್ರಮವೇ ಉತ್ತಮ. ಆಳಿನ ಖರ್ಚು ಉಂಟು, ಆದರೆ ಬಿದ್ದ ಹುಳು ಮತ್ತೆ ಏಳುವುದಿಲ್ಲ. ಅಷ್ಟರಿಂದಲೂ ಹತೋಟಿಗೆ ಬರದಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಬೀದರಿನ ಕೃಷಿ ವಿಜ್ಞಾನ ಕೇಂದ್ರಕ್ಕೋ ಹುಳು ಇರುವ ಕಾಯಿಗಳನ್ನು ಒಯ್ದು ತೋರಿಸಿ ಅವರು ಹೇಳಿದ ಔಷಧವನ್ನು ತರಬೇಕು. ಬಲೆಯ ಲೆಕ್ಕ ಬರೆದ ಚೀಟಿಯನ್ನೂ ಜೊತೆಗೆ ಒಯ್ದರೆ ಹುಳು ಯಾವ ಹಂತದಲ್ಲಿದೆ ಎಂದು ಹೇಳಲು ಅವರಿಗೆ ಸುಲಭವಾಗುತ್ತದೆ.

ತೊಗರಿ ಕಾಯಿ ಬಲಿತು ಒಣಗತೊಡಗಿದಾಗ ಪಕ್ಕದಲ್ಲಿ ಕಡಲೆ ಇದ್ದರೆ ಬಲೆಗಳನ್ನು ಅಲ್ಲಿಗೆ ಸಾಗಿಸಬೇಕು. ಅಲ್ಲಿ ನೆಲದಿಂದ ಎರಡು ಎರಡೂವರೆ ಅಡಿ ಎತ್ತರ ಸಾಕು. ತೆಗೆದ ಹಳೆಯ ಲ್ಯೂರನ್ನು ಹೊಲದಲ್ಲೇ ಎಸೆದರೆ ಅದರಲ್ಲಿ ಉಳಿದ ವಾಸನೆ ಪತಂಗಗಳನ್ನು ಬಲೆಯ ಹಾದಿ ತಪ್ಪಿಸುತ್ತದೆ, ಮಣ್ಣಿನಲ್ಲಿ ಹೂಳಬೇಕು. ಕಡಲೆ ಕಿತ್ತ ಮೇಲೆ ಆಲಿಕೆಗಳನ್ನು ತೊಳೆದು ಒಂದರೊಳಗೊಂದು ಸೇರಿಸಿ, ಚೀಲಗಳನ್ನು ಇಲಿ ಕಡಿಯದಂತೆ ಜಂತಿಗೆ ತೂಗುಹಾಕಿದರೆ ಮುಂದಿನ ವರ್ಷದ ಸೋಯಾ ಬೆಳೆಗೆ ಲ್ಯೂರ್ ಮಾತ್ರ ಕೊಂಡರಾಯಿತು.